ತಾತನ ಎದೆಯೊಳಗಿನ ತಾಳಗಾರ

ಮಕ್ಕಳೇ, ನಿಮ್ಮ ತಾತನಿಗೋ ಅಜ್ಜಿಗೋ ಪೇಸ್‌ಮೇಕರ್ ಹಾಕಿದ್ದಾರೆಯೇ? ಹೆಗಲಿನ ಕೆಳಗೆ, ಎದೆಯ ಚರ್ಮದಡಿ ಇರುವ ಪುಟ್ಟ ಪೆಟ್ಟಿಗೆ ಅದು. ಅದರಿಂದ ಹೊರಟ ತೆಳುವಾದ ತಂತಿ ರಕ್ತನಾಳದೊಳಗೆ ಸಾಗಿ ಹೃದಯವನ್ನು ಮುಟ್ಟುತ್ತದೆ.

ಇಂಥ ಯಂತ್ರವನ್ನು ಮೊದಲ ಬಾರಿಗೆ ದೇಹದೊಳಗೆ ಕೂರಿಸಿದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನಲ್ಲಿ. ರೋಗಿ ಆರ್ನೆ ಲಾರ್ಸನ್. ಯಂತ್ರ ತಯಾರಿಸಿದವರು ರೂನ್ ಎಲ್ಮ್‌ಕ್ವಿಸ್ಟ್, ಶಸ್ತ್ರಚಿಕಿತ್ಸೆ ಮಾಡಿದವರು ಓಕೆ ಸೆನ್ನಿಂಗ್. ಆ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಆದರೆ ಮುಂದೆ ಒಂದರ ನಂತರ ಒಂದು ಯಂತ್ರ ಬದಲಿಸಿಕೊಳ್ಳುತ್ತಾ ಲಾರ್ಸನ್ 86 ವರ್ಷ ಬದುಕಿದರು!

ಇಂದಿನ ಪೇಸ್‌ಮೇಕರ್ ಭಜನೆಯ ತಾಳಗಾರನ ಹಾಗೆ. ಮೊದಲು ಕಿವಿಗೊಟ್ಟು ಕೇಳುತ್ತದೆ. ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ. ಬಡಿತ ತಡವಾದರೆ ಸಣ್ಣ ವಿದ್ಯುತ್ ತಟ್ಟು ಕೊಡುತ್ತದೆ.

ಈ ಕಿವಿ ತಪ್ಪುವುದೂ ಉಂಟು. ಎದೆಯ ಸ್ನಾಯುವಿನ ಮಿಡಿತವನ್ನೋ ಹಾಳಾದ ತಂತಿಯ ಗದ್ದಲವನ್ನೋ ಹೃದಯದ ಬಡಿತವೆಂದು ತಿಳಿದರೆ, ತಟ್ಟಬೇಕಾದಾಗ ಯಂತ್ರ ಸುಮ್ಮನಾಗುತ್ತದೆ. ಆಗ ತಲೆ ಸುತ್ತಬಹುದು, ಕಣ್ಣು ಕತ್ತಲಿಡಬಹುದು. ನಿಜವಾದ ಬಡಿತವೇ ಕೇಳಿಸದಿದ್ದರೆ, ಬೇಡದಿದ್ದಾಗಲೂ ತಟ್ಟುತ್ತದೆ.

ಇನ್ನೊಂದು ವಿಷಯ. ಕುಳಿತಾಗ ನಿಮಿಷಕ್ಕೆ 60 ಬಡಿತ ಸಾಕು. ಮೆಟ್ಟಿಲು ಹತ್ತುವಾಗ ಸಾಲದು. ಅದಕ್ಕೇ ಅನೇಕ ಪೇಸ್‌ಮೇಕರ್‌ಗಳು ಮೈಯ ಅಲುಗಾಟ ಗುರುತಿಸಿ ಬಡಿತ ಏರಿಸುತ್ತವೆ. ಆ ಹೊಂದಾಣಿಕೆ ಮಂದವಾಗಿದ್ದರೆ ಬಡಿತ ಏರದೆ ಏದುಸಿರು ಬರುತ್ತದೆ. ನಿಂತಲ್ಲೇ ತುಳಿಯುವ ಸೈಕಲ್ಲಿನಲ್ಲಿ ಎದೆ ಹೆಚ್ಚು ಅಲುಗದ ಕಾರಣ, ಅಲುಗಾಟ ನೋಡುವ ಯಂತ್ರಕ್ಕೆ ಶ್ರಮವೇ ತಿಳಿಯದಿರಬಹುದು.

ಹಿರಿಯರೇ, ಮೊದಲು ಹತ್ತುತ್ತಿದ್ದ ಮೆಟ್ಟಿಲು ಈಗ ಕಷ್ಟವಾದರೆ "ವಯಸ್ಸಾಯ್ತು ಬಿಡು" ಎಂದು ವಾಕಿಂಗ್ ನಿಲ್ಲಿಸಬೇಡಿ. ರಕ್ತಹೀನತೆ, ಹೃದಯದ ಬೇರೆ ತೊಂದರೆಯೂ ಕಾರಣವಿರಬಹುದು, ವೈದ್ಯರೇ ಹೇಳಬೇಕು. ಪೇಸ್‌ಮೇಕರ್‌ನ ಹೊಂದಾಣಿಕೆಯೇ ಕಾರಣವಾದರೆ ಅದನ್ನು ಸಾಮಾನ್ಯವಾಗಿ ಹೊರಗಿನಿಂದಲೇ, ಕತ್ತರಿ ಹಾಕದೆ ಸರಿಪಡಿಸುತ್ತಾರೆ. ತಂತಿ ಕೆಟ್ಟಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಮಕ್ಕಳೇ, ನಿಮಗೊಂದು ಕೆಲಸ. ತಾತ ಕುಳಿತಿದ್ದಾಗ ಒಮ್ಮೆ, ನಿತ್ಯದ ನಡಿಗೆ ಮುಗಿದ ಕೂಡಲೇ ಒಮ್ಮೆ, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ದಿನಾಂಕ ಹಾಕಿ ಬರೆದಿಡಿ. ಎಷ್ಟು ಮೆಟ್ಟಿಲಿಗೆ ಏದುಸಿರು ಬಂತು ಎಂಬುದನ್ನೂ ಸೇರಿಸಿ. ವೈದ್ಯರಿಗೆ ಆ ಚೀಟಿ ಬಹಳ ಉಪಯೋಗ. ಮೊಬೈಲನ್ನು ಯಂತ್ರದಿಂದ 15 ಸೆಂಟಿಮೀಟರ್ ದೂರವಿಡಲು ನೆನಪಿಸಿ. ಅಂಗಿಯ ಜೇಬು ಬೇಡ. ತಾತ ಎಚ್ಚರ ತಪ್ಪಿದರೆ ಮಾತ್ರ ಎಣಿಸುತ್ತಾ ಕೂರಬೇಡಿ. ದೊಡ್ಡವರನ್ನು ಕೂಗಿ, 108ಕ್ಕೆ ಕರೆ ಮಾಡಿ.