1962ರ ಸೋಲು: ಕಾಲಿಗೆ ಶೂ ಕೊಡದೆ ಗಡಿಗೆ ಕಳಿಸಿದವರ ಲೆಕ್ಕ

ಅಕ್ಟೋಬರ್ 20 ಬಂತು ಅಂದ್ರೆ ಸಾಕು, ವಾಟ್ಸಾಪ್ ತುಂಬಾ ಒಂದೇ ಮಾತು: ನೆಹರೂ ದೇಶ ಸೋಲಿಸಿದ್ರು. ಇನ್ನೊಂದು ಕಡೆಯವರು ಚೀನಾ ನಂಬಿಸಿ ಕತ್ತು ಕೊಯ್ತು ಅಂತಾರೆ. ಇಬ್ಬರಿಗೂ ಇದು ಅನುಕೂಲ. ಯಾರನ್ನೋ ಬೈದರೆ ಲೆಕ್ಕ ಮುಗೀತು. ಸತ್ತ ಸೈನಿಕನ ಕಾಲಲ್ಲಿ ಏನಿತ್ತು ಅಂತ ಯಾರೂ ಕೇಳಲ್ಲ.

ನಾವು ಕೇಳೋಣ.

ನಮ್ಕಾ ಚು ಹೊಳೆಯ ದಡದಲ್ಲಿದ್ದ 7ನೇ ಬ್ರಿಗೇಡಿನ ಬಹಳಷ್ಟು ಜವಾನರ ಮೈಮೇಲೆ ಇದ್ದದ್ದು ಬೇಸಿಗೆಯ ಹತ್ತಿ ಬಟ್ಟೆ, ಕಾಲಿಗೆ ಕ್ಯಾನ್ವಾಸ್ ಶೂ. ಜಾಗ ಹತ್ತು ಸಾವಿರ ಅಡಿಗಿಂತ ಎತ್ತರ. ಕೈಯಲ್ಲಿ ಮೊದಲ ಮಹಾಯುದ್ಧ ಕಾಲದ ಮಾದರಿಯ .303 ರೈಫಲ್, ಜೊತೆಗೆ ತಲಾ ಸುಮಾರು 50 ಗುಂಡು. ಅಲ್ಲಿವರೆಗೆ ರಸ್ತೆಯೇ ಇರಲಿಲ್ಲ. ವಿಮಾನದಿಂದ ಎಸೆದ ಸಾಮಾನಿನಲ್ಲಿ ಎಷ್ಟೋ ಕಣಿವೆಯ ಪಾಲಾಯ್ತು. ಎದುರಿಗಿದ್ದದ್ದು ಕೊರಿಯಾ ಯುದ್ಧದಲ್ಲಿ ಪಳಗಿದ ಸೈನ್ಯ. ಅವರು 1957ಕ್ಕೇ ಅಕ್ಸಾಯ್ ಚಿನ್ ಮೂಲಕ ರಸ್ತೆ ಮುಗಿಸಿದ್ದರು.

ಇಷ್ಟು ಕೊರತೆ ಇಟ್ಟುಕೊಂಡು 1961ರ ಕೊನೆಯಿಂದ ‘ಫಾರ್ವರ್ಡ್ ಪಾಲಿಸಿ’ ಅಂತ ಸಣ್ಣ ಸಣ್ಣ ಠಾಣೆ ಹಾಕುತ್ತಾ ಮುಂದೆ ಹೋದರು. ಚೀನಾ ತಿರುಗಿ ಹೊಡೆಯಲ್ಲ ಅನ್ನೋದೇ ಇಡೀ ಯೋಜನೆಯ ಆಧಾರ. ಅದು ಊಹೆ, ತಯಾರಿ ಅಲ್ಲ.

ಹೇಳುವವರು ಇರಲಿಲ್ವಾ? ಇದ್ದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ 1959ರಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ಪಡೆದರು. ಸಾಮಗ್ರಿ ಇಲ್ಲದೆ ಚೀನೀಯರನ್ನು ಹೊರದಬ್ಬೋಕೆ ಆಗಲ್ಲ ಅಂದ ಜನರಲ್ ಉಮ್ರಾವ್ ಸಿಂಗ್ ಕೈಯಿಂದ ಆ ಪ್ರದೇಶದ ಹೊಣೆಯನ್ನೇ ಕಿತ್ತು, ಯುದ್ಧದಲ್ಲಿ ಪಡೆ ನಡೆಸಿದ ಅನುಭವ ಹೆಚ್ಚಿಲ್ಲದ ಕೌಲ್‌ಗೆ ಕೊಟ್ಟರು.

ಬಾಬಾಸಾಹೇಬರು ಇನ್ನೂ ಮೊದಲೇ ಹೇಳಿದ್ದರು. 1951ರ ರಾಜೀನಾಮೆ ಹೇಳಿಕೆಯಲ್ಲೇ ಲೆಕ್ಕ ಇಟ್ಟರು: 350 ಕೋಟಿ ಆದಾಯದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗ್ತಿದೆ, ಇದು ಸ್ನೇಹಿತರಿಲ್ಲದ ವಿದೇಶಾಂಗ ನೀತಿಯ ಬೆಲೆ ಅಂತ. 1954ರಲ್ಲಿ ರಾಜ್ಯಸಭೆಯಲ್ಲಿ ಪಂಚಶೀಲವನ್ನೂ ಟಿಬೆಟ್ ನೀತಿಯನ್ನೂ ನೇರವಾಗಿ ಟೀಕಿಸಿ, ಚೀನಾವನ್ನು ನಮ್ಮ ಗಡಿಯವರೆಗೆ ನಾವೇ ಬಿಟ್ಟುಕೊಂಡ್ವಿ ಅಂದರು. ಅವರನ್ನು ಬರೀ ಮೀಸಲಾತಿಯ ನಾಯಕ ಅಂತ ಪಟಕ್ಕೆ ಹಾರ ಹಾಕುವವರು ಈ ಭಾಷಣ ಓದಲ್ಲ.

ಜಾತಿಯಿಂದಲೇ 1962 ಸೋತೆವು ಅಂತ ನಾನು ಹೇಳ್ತಿಲ್ಲ. ಆದರೆ ಕೆಲಸ ಮಾಡುವವನ ಮಾತಿಗೆ ಬೆಲೆ ಇಲ್ಲ, ಮೇಲೆ ಕೂತವನ ಊಹೆಯೇ ಆಜ್ಞೆ ಅನ್ನೋ ಅಭ್ಯಾಸ ನಮಗೆ ಹೊಸದಲ್ಲ. ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಜೊತೆ ಅಹಿರ್ ಜವಾನರು ಕಡೇ ಗುಂಡಿನವರೆಗೂ ಕಾದಾಡಿದರು. ಸುಮಾರು 120 ಜನರಲ್ಲಿ 110ಕ್ಕೂ ಹೆಚ್ಚು ಮಂದಿ ಸತ್ತರು. ಬದುಕಿ ಬಂದವರು ಹೇಳಿದ್ದನ್ನು ಮೊದಲು ನಂಬಲೇ ಇಲ್ಲ. ಹಿಮದಲ್ಲಿ ಹೆಣಗಳು ಸಿಕ್ಕ ಮೇಲೆ ನಂಬಿದರು. ಬಡವನ ಮಾತಿಗೆ ಈ ದೇಶದಲ್ಲಿ ಹೆಣವೇ ಸಾಕ್ಷಿ ಹೇಳಬೇಕು.

ಮಾಸ್ಕ್, ಆಕ್ಸಿಜನ್ ಇಲ್ಲದೆ ಮ್ಯಾನ್‌ಹೋಲ್‌ಗೆ ಇಳಿಸಿ, ಸತ್ತ ಮೇಲೆ ಪರಿಹಾರದ ಚೆಕ್ ಹಿಡಿದು ಬರುವುದಕ್ಕೂ, ಕ್ಯಾನ್ವಾಸ್ ಶೂ ಹಾಕಿಸಿ ಹಿಮಕ್ಕೆ ಕಳಿಸಿ, ಸತ್ತ ಮೇಲೆ ಅಮರ್ ರಹೇ ಅನ್ನುವುದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಸಾಮಗ್ರಿ ಕೊಡಬೇಕಾದವನು ಸೇಫ್.

ಸರ್ಕಾರಿ ಲೆಕ್ಕದಲ್ಲೇ 1,383 ಜನ ಸತ್ತರು, ಸುಮಾರು 1,700 ಜನ ಕಾಣೆಯಾದರು. ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಮಾತ್ರ ಯಾವ ಸರ್ಕಾರವೂ ಬಿಡುಗಡೆ ಮಾಡಲಿಲ್ಲ. ನೆಹರೂ ಪಕ್ಷದವರೂ ಮಾಡಲಿಲ್ಲ, ದಿನಾ ನೆಹರೂನ ಬೈಯುವವರೂ ಮಾಡಲಿಲ್ಲ. ಯಾಕೆ?

ಈ ಪ್ರಶ್ನೆ ಕೇಳಿದರೆ ದೇಶದ್ರೋಹಿ ಅಂತೀರಾ? ಅನ್ನಿ. ಸೈನ್ಯಕ್ಕೆ ಹೋಗೋದು ನಮ್ಮ ಮಕ್ಕಳು, ರೈತರ ಮಕ್ಕಳು, ಕೂಲಿಯವರ ಮಕ್ಕಳು. ಲೆಕ್ಕ ಕೇಳೋ ಹಕ್ಕು ನಮ್ಮದು. ಮೊದಲು ವರದಿ ಹೊರಗೆ ತನ್ನಿ, ಆಮೇಲೆ ದೇಶಭಕ್ತಿಯ ಪಾಠ ಮಾಡಿ.

ಜೈಭೀಮ್.