ಅಕ್ಷರ ಅದೇ, ಅರ್ಥ ಬೇರೆ

ಫ್ರಾನ್ಸಿನ ಆಫ್ರಿಕಾ ನೀತಿ ಅರ್ಥವಾಗಲು ಒಂದಕ್ಷರ ಸಾಕು. 1945ರಲ್ಲಿ ಅದು ತನ್ನ ಅಲ್ಲಿನ ವಸಾಹತುಗಳಿಗೆ ಕೊಟ್ಟ ಹಣ ಸಿಎಫ್ಎ ಫ್ರಾಂಕ್. ಆಗ ‘ಸಿ’ ಎಂದರೆ ವಸಾಹತು. ಸ್ವಾತಂತ್ರ್ಯದ ನಂತರ ಅದೇ ‘ಸಿ’ ಪಶ್ಚಿಮ ಆಫ್ರಿಕಾದಲ್ಲಿ ಸಮುದಾಯವಾಯಿತು, ಮಧ್ಯ ಆಫ್ರಿಕಾದಲ್ಲಿ ಸಹಕಾರ! ಎಂಥ ಸಹಕಾರ? ಆ ದೇಶಗಳು ತಮ್ಮ ವಿದೇಶಿ ವಿನಿಮಯದ ಅರ್ಧವನ್ನಾದರೂ ಫ್ರೆಂಚ್ ಖಜಾನೆಯಲ್ಲಿ ಇಡಬೇಕಿತ್ತು. 1994ರ ಜನವರಿಯಲ್ಲಿ ಫ್ರಾಂಕಿನ ಬೆಲೆ ಒಂದೇ ಏಟಿಗೆ ಅರ್ಧಕ್ಕಿಳಿಯಿತು. ಡಾಕಾರಿನಲ್ಲಿ ಆಮದು ಅಕ್ಕಿ ಕೊಳ್ಳುವವಳನ್ನು ಕೇಳಿದವರಾರು? ಹಣದುಬ್ಬರ ಕಡಿಮೆಯಲ್ಲವೇ ಎನ್ನುತ್ತಾರೆ ಸಮರ್ಥಕರು. ನಿಜವೇ. ಆದರೆ ಲಗಾಮು ಯಾರ ಕೈಲಿದೆ? 2019ರ ಡಿಸೆಂಬರಿನಲ್ಲಿ ಮ್ಯಾಕ್ರನ್ ಅಬಿಜಾನಿಗೆ ಹೋದಾಗ ಪಶ್ಚಿಮದ ಎಂಟು ದೇಶಗಳಿಗೆ ಸುಧಾರಣೆ ಘೋಷಣೆಯಾಯಿತು: ಠೇವಣಿ ಇಡಬೇಕಿಲ್ಲ, ಹಣಕ್ಕೆ ‘ಎಕೊ’ ಎಂಬ ಹೊಸ ಹೆಸರು. ಯೂರೋಗೆ ಕಟ್ಟಿದ ಹಗ್ಗವನ್ನು ಮಾತ್ರ ಬಿಚ್ಚಲಿಲ್ಲ.