ಮಗ ದಡ್ಡನೋ, ಕಿವಿ ಕೇಳಿಸುತ್ತಿಲ್ಲವೋ?

‘ಎಷ್ಟ್ ಕರದ್ರೂ ಓ ಅನ್ನಲ್ರಿ. ಸಾಲ್ಯಾಗ ಮಾಸ್ತರು ದಡ್ಡ ಅಂತಾರ. ಟಿ.ವಿ. ಮುಂದ ಮಾತ್ರ ಮೂಗು ಹಚ್ಚಿ ಕೂಡ್ತಾನ...’

ಆಳಂದದ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ತಾಯಿಯೊಬ್ಬರ ದೂರು ಇದು. ಮಗನ ಬಲಗಿವಿಯಲ್ಲಿ ಹತ್ತಿ ಇತ್ತು. ಯಾಕ್ರೀ ಎಂದೆ. ‘ಥಂಡಿ ಆದಾಗೆಲ್ಲ ಸೋರ್ತದ್ರಿ, ಎಣ್ಣಿ ಕಾಸಿ ಹಾಕೀನಿ. ದೊಡ್ಡಾಂವ ಆದ್ರ ತಾನೇ ಹೋಗ್ತದ’ ಎಂದರು.

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆಯದಾಯಿತು. ಶಿಕ್ಷಕರ ಕೊರತೆ, ನಕಲು, ಗುಳೆ ಎಂದು ನಾವೆಲ್ಲ ಚರ್ಚಿಸಿದೆವು. ಒಂದನೇ ತರಗತಿಯಲ್ಲೇ ಪಾಠ ಕೇಳಿಸದ, ಬೋರ್ಡು ಕಾಣದ ಮಗುವಿನ ಮಾತನ್ನು ಮಾತ್ರ ಯಾರೂ ಎತ್ತಿದ್ದು ನನಗೆ ನೆನಪಿಲ್ಲ. ಫಲಿತಾಂಶಕ್ಕೆ ಇದೇ ಕಾರಣ ಎನ್ನುತ್ತಿಲ್ಲ. ಆದರೆ ತಾಯಂದಿರಾದ ನಮ್ಮ ಕೈಯಲ್ಲಿರುವ ಕಾರಣ ಇದೊಂದೇ.

ಮೂಗಿನ ಹಿಂಭಾಗದಿಂದ ಕಿವಿಯ ಒಳಗೆ ಒಂದು ಸಣ್ಣ ನಳಿಕೆ ಇರುತ್ತದೆ. ಮಕ್ಕಳಲ್ಲಿ ಅದು ಗಿಡ್ಡ. ಹಾಗಾಗಿ ನೆಗಡಿಯ ಸೋಂಕು ಬೇಗ ಕಿವಿಗೆ ಹೋಗುತ್ತದೆ, ಕೀವು ತುಂಬಿ ತಮಟೆ ಒಡೆದು ಸೋರುತ್ತದೆ. ಒಂದೆರಡು ಸಲವಾದರೆ ತಮಟೆ ತಾನೇ ಕೂಡಿಕೊಳ್ಳುವುದುಂಟು. ಮತ್ತೆ ಮತ್ತೆ ಸೋರಿದರೆ ತೂತು ಹಾಗೇ ಉಳಿದು ಕಿವಿ ಮಂದವಾಗುತ್ತದೆ. ಅದರೊಳಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕಿದರೆ ನೇರ ಒಳಗಿವಿಗೇ ಅಪಾಯ. ಕಿವಿ ಒಣಗಿರಲಿ, ಸ್ನಾನದಲ್ಲಿ ನೀರು ಹೋಗದಿರಲಿ, ಎರಡು ವಾರ ಕಳೆದರೂ ನಿಲ್ಲದಿದ್ದರೆ ಕಿವಿ ಡಾಕ್ಟರಿಗೆ ತೋರಿಸಲೇಬೇಕು. ಇನ್ನೊಂದು ಬಗೆ ಇದೆ: ನೋವೂ ಇಲ್ಲ, ಸೋರುವುದೂ ಇಲ್ಲ, ತಮಟೆಯ ಹಿಂದೆ ಅಂಟು ನೀರು ನಿಂತು ಕೇಳಿಸುವುದಿಲ್ಲ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಕ್ಕಳಲ್ಲಿ ಇದು ಹೆಚ್ಚು. ನಾವು ‘ಮೊಂಡ’ ಎಂದು ಬೈಯುವುದು ಇವರನ್ನೇ.

ಅಫಜಲಪುರ, ಜೇವರ್ಗಿ ಕಡೆ ತೊಗರಿ ರಾಶಿಯ ದಿನಗಳಲ್ಲಿ ಇನ್ನೊಂದು ಫಜೀತಿ ಇದ್ದದ್ದೇ. ಅಂಗಳದ ತುಂಬ ಕಾಳು, ಆಡುವ ಕೂಸು ಒಂದನ್ನು ಕಿವಿಗೋ ಮೂಗಿಗೋ ತುರುಕಿಕೊಳ್ಳುತ್ತದೆ. ನೀರು ಹಾಕಬೇಡಿ, ಕಾಳು ಉಬ್ಬುತ್ತದೆ. ಪಿನ್ನು, ಕಡ್ಡಿ ಹಾಕಿ ಕೆದಕಲೂಬೇಡಿ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಏನೋ ಸಿಕ್ಕಿದೆ ಎಂದೇ ತಿಳಿಯಿರಿ. ಆಟಿಕೆಯ ಗುಂಡಿ ಬ್ಯಾಟರಿಯಾದರೆ ಒಂದು ಗಂಟೆಯೂ ಕಾಯಬಾರದು.

ಇನ್ನು ಕಣ್ಣು. 2023ರ ಜುಲೈನಲ್ಲಿ ರಾಜ್ಯದ ತುಂಬ ಹರಡಿದ ‘ಮದ್ರಾಸ್ ಐ’ಗೆ ನಾವೆಲ್ಲ ಬೆದರಿದೆವು. ಅದು ಬಹುಮಟ್ಟಿಗೆ ವಾರ, ಹತ್ತು ದಿನದಲ್ಲಿ ವಾಸಿಯಾಗುವಂಥದು. ಎದೆಹಾಲು ಹಿಂಡುವುದು, ಮನೆಯಲ್ಲುಳಿದ ಹಳೇ ಡ್ರಾಪ್ಸ್ ಹಾಕುವುದು ಬೇಡ. ಮೆಳ್ಳೆಗಣ್ಣನ್ನು ಮಾತ್ರ ‘ಅದೃಷ್ಟ’ ಎಂದು ಬಿಡುತ್ತೇವೆ! ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಗದಿದ್ದರೆ ಆ ಕಣ್ಣಿನ ನೋಟ ಮಂದವಾಗಿಯೇ ಉಳಿಯಬಹುದು.

ಸರ್ಕಾರದ ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ತೊಡಕಿರುವುದು ಬೇರೆಡೆ. ತಂಡ ಬಂದ ದಿನ ಮಗು ಅಪ್ಪ ಅಮ್ಮನ ಜತೆ ಪುಣೆ, ಮುಂಬೈಗೆ ದುಡಿಯಲು ಹೋಗಿದ್ದರೆ ಆ ವರ್ಷದ ತಪಾಸಣೆ ತಪ್ಪಿತು. ‘ದೊಡ್ಡಾಸ್ಪತ್ರೆಗೆ ತೋರಿಸಿ’ ಎಂದು ಚೀಟಿ ಕೊಟ್ಟರೂ ಆಳಂದದಿಂದಲೋ ಜೇವರ್ಗಿಯಿಂದಲೋ ಸುಮಾರು 40 ಕಿ.ಮೀ. ದೂರದ ಕಲಬುರಗಿಗೆ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು. ಚೀಟಿ ಟ್ರಂಕು ಸೇರುತ್ತದೆ. ಚಿಕಿತ್ಸೆ ಪುಕ್ಕಟೆಯಾದರೂ ಬಸ್ ಹತ್ತಿಸುವವರು ಬೇಕಲ್ಲ? ಶಕ್ತಿ ಯೋಜನೆ ಬಂದ 2023ರಿಂದ ತಾಯಿಯ ಟಿಕೆಟ್ಟಿನ ಖರ್ಚಾದರೂ ಉಳಿದಿದೆ.

ಈ ಭಾನುವಾರ ಒಂದು ಕೆಲಸ ಮಾಡಿ. ಮಗುವಿನ ಬೆನ್ನ ಹಿಂದೆ ಎರಡು ಹೆಜ್ಜೆ ದೂರ ನಿಂತು, ಅದರ ಹೆಸರನ್ನು ಪಿಸುಮಾತಿನಲ್ಲಿ ಕರೆಯಿರಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ. ತಡವರಿಸಿದರೆ ಸೋಮವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಊರಿಗೆ ತಪಾಸಣೆ ತಂಡ ಯಾವಾಗ ಬರುತ್ತದೆಂದು ಆಶಾ ಕಾರ್ಯಕರ್ತೆಯನ್ನೋ ಹೆಡ್‌ಮಾಸ್ತರರನ್ನೋ ಮೊದಲೇ ಕೇಳಿಟ್ಟುಕೊಳ್ಳಿ, ಗುಳೆ ಹೋಗುವ ಮನೆಯವರಿಗೂ ಆ ತಾರೀಖು ತಿಳಿಸಿ.